ದೊಡ್ಡಮ್ಮನ ಮನೆಯ ಮಿಸ್ಚಿಫ್

ನನ್ನ ದೊಡ್ಡಮ್ಮನಿಗೆ ದೆವ್ವಗಳ ಹೆದರಿಕೆ ಇಲ್ಲ. ಇಂಗ್ಲಿಷ್ ಪದಗಳನ್ನು ಎಲ್ಲೆಂದರಲ್ಲಿ ಬಳಸುವವರನ್ನು ಕಂಡರೆ ಮಾತ್ರ ಮೈ ನಡುಗುತ್ತದೆ! ಕಾಪುವಿನ ಶಾಲೆಯೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ, ನಿವೃತ್ತಿಯಾಗಿ, ಗಂಡ ತೀರಿಕೊಂಡ ಮೇಲೆ ಇನ್ನಂಜೆಯ ತವರುಮನೆಯಲ್ಲಿ ಒಬ್ಬರೇ ಇದ್ದಾರೆ. ಒಬ್ಬರೇ ಎಂದು ನಾವು ಹೇಳುತ್ತೇವೆ. ಅವರು ಹೇಳುವುದಿಲ್ಲ.

ಪಕ್ಕದ ಮನೆಯ ದನ ಬಸಳೆ ಚಪ್ಪರವನ್ನು ಬೋಳಿಸಿದ ದಿನ, ಅದರ ಯಜಮಾನ ಬಂದು, "ಸ್ವಲ್ಪ ಮಿಸ್ಚಿಫ್ ಮಾಡಿತು ಟೀಚರೇ, ಬೇಸರ ಮಾಡಬೇಡಿ" ಎಂದ.

"ಅದು ಮಿಸ್ಚಿಫ್ ಅಲ್ಲ, ಊಟ" ಎಂದರು ದೊಡ್ಡಮ್ಮ. ಅವನನ್ನು ಜಗಲಿಯಲ್ಲಿ ನಿಲ್ಲಿಸಿಯೇ ಪಾಠ ಶುರುವಾಯಿತು. "ಯಾರಿಗೂ ನಷ್ಟ ಆಗಬಾರದು. ಯಾರಿಗೂ ನೋವಾಗಬಾರದು. ಮಾಡಿದವರು ಅಲ್ಲೇ ಎಲ್ಲೋ ನಿಂತು ನಗುತ್ತಿರಬೇಕು. ಮೂರೂ ಇದ್ದರೆ ಮಾತ್ರ ಮಿಸ್ಚಿಫ್."

ಅವರ ಮನೆಯಲ್ಲಿ ಇಂಥದ್ದಕ್ಕೇನೂ ಕೊರತೆಯಿರಲಿಲ್ಲ. ಕನ್ನಡಕ ಅಕ್ಕಿ ಡಬ್ಬಿಯಲ್ಲಿ ಸಿಗುತ್ತಿತ್ತು, ಸೌಟು ದೇವರ ಕೋಣೆಯಲ್ಲಿ. ಒಂದು ಭಾನುವಾರ ನಾನು ಮಣಿಪಾಲದಿಂದ ಹೋಗಿದ್ದೆ. ಮಟಮಟ ಮಧ್ಯಾಹ್ನ ನೋಡಿದರೆ, ಮೆಟ್ಟಿಲಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿಗಳು ಬಾವಿಕಟ್ಟೆಯ ಮೇಲೆ, ಯಾರೋ ಹೆಜ್ಜೆ ಹಾಕಿದಂತೆ ಒಂದರ ಮುಂದೊಂದು ಇದ್ದವು. ಮನೆಯಲ್ಲಿದ್ದದ್ದು ನಾವಿಬ್ಬರೇ. ಹಲಸಿನ ಬೀಜ ಸುಲಿಯುತ್ತಿದ್ದ ದೊಡ್ಡಮ್ಮ ತಲೆಯೆತ್ತದೆ, "ಮಿಸ್ಚಿಫ್. ಸಾಕು" ಎಂದರು. ಆ ದಿನ ಮತ್ತೇನೂ ಆಗಲಿಲ್ಲ.

"ನಷ್ಟ ಇಲ್ಲ, ನೋವಿಲ್ಲ, ಒಪ್ಪಿದೆ" ಎಂದೆ. "ನಗುವುದು ಯಾರು?"

"ನಿನ್ನ ಚಿಕ್ಕಮ್ಮ. ನಿನಗೆ ಕೇಳುವುದಿಲ್ವಾ?"

ಚಿಕ್ಕಮ್ಮ ಎಂದರೆ ದೊಡ್ಡಮ್ಮನ ಕೊನೆಯ ತಂಗಿ. ಆರನೇ ವರ್ಷಕ್ಕೆ ಜ್ವರ ಬಂದು ತೀರಿಕೊಂಡವಳು. ನಾನು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಬಸ್ಸು ಹಿಡಿದೆ.

ಅದೇ ಸಮಯಕ್ಕೆ ನನಗೆ ಬಂದ ಸಂಬಂಧಗಳೆಲ್ಲ ಬಾಗಿಲವರೆಗೆ ಬಂದು ತಿರುಗಿ ಹೋಗುತ್ತಿದ್ದವು. ಅಮ್ಮ ಕಡಿಯಾಳಿಯ ಜೋಯಿಸರಲ್ಲಿ ಕೇಳಿದಳು. "ಮನೆಯಲ್ಲಿ ಮದುವೆಯಾಗದೆ ತೀರಿಹೋದ ಹೆಣ್ಣು ಉಂಟು. ಅವಳ ಉಪದ್ರ ಇದು. ಅವಳದ್ದು ಮುಗಿಯದೆ ಇವಳದ್ದು ಆಗುವುದಿಲ್ಲ" ಎಂದರು ಅವರು. ನಮ್ಮ ಕಡೆ ಸತ್ತವರಿಗೂ ಪ್ರಾಯ ಬರುತ್ತದೆ, ಮದುವೆಯೂ ಆಗುತ್ತದೆ. ಕುಕ್ಕುಂದೂರಿನ ಮನೆಯೊಂದರಲ್ಲಿ, ಎಳವೆಯಲ್ಲೇ ತೀರಿಕೊಂಡ ವರನೂ ಸಿಕ್ಕಿದ. ಜಾತಕ ಮೊದಲ ಸಲಕ್ಕೇ ಕೂಡಿತು. ನನಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ದೊಡ್ಡಮ್ಮ ಒಪ್ಪಲಿಲ್ಲ. "ಉಪದ್ರ ಅಲ್ಲ, ಮಿಸ್ಚಿಫ್" ಎಂದು ಜೋಯಿಸರಿಗೇ ಫೋನು ಮಾಡಿ ತಿದ್ದಿದರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಮದುವೆಯಾದರೆ ತಂಗಿ ಗಂಡನ ಮನೆಗೆ ಹೋಗಿಬಿಡುತ್ತಾಳೆ; ಆಮೇಲೆ ಇನ್ನಂಜೆಯ ಮನೆಯಲ್ಲಿ ಅವರ ಜೊತೆಗೆ ಯಾರು? ಒಂದು ವಾರದ ಮೇಲೆ ಅವರೇ ನನಗೆ ಫೋನು ಮಾಡಿ, "ನಿನಗೋಸ್ಕರ ಕಳಿಸುತ್ತೇನೆ ಮಾರಾಯ್ತಿ" ಎಂದರು.

ಆಟಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ದೊಡ್ಡಮ್ಮನ ಮನೆಯಲ್ಲೇ ಮದುವೆ. ಮದುವೆಯಾಗದವರು ಅದನ್ನು ನೋಡಬಾರದೆಂದು ನನ್ನನ್ನು ಗೇಟಿನ ಹೊರಗೆ ನಿಲ್ಲಿಸಿದರು. ವರನ ಕಡೆಯವರು ಧಾರೆ ಸೀರೆಯನ್ನು ಒಳಗೆ ಖಾಲಿ ಕುರ್ಚಿಯ ಮೇಲಿಟ್ಟು, ವಧು ಉಟ್ಟುಕೊಳ್ಳಲಿ ಎಂದು ಎಲ್ಲರೊಂದಿಗೆ ಜಗಲಿಗೆ ಬಂದು ಕಾದರು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಗೇಟಿನವರೆಗೂ ಬಳೆಯ ಸದ್ದು ಕೇಳಿತು, ಅದರ ಹಿಂದೆಯೇ ಒಂದು ಸಣ್ಣ ನಗು. ಜಗಲಿಯಲ್ಲಿದ್ದ ದೊಡ್ಡಮ್ಮ ನನ್ನತ್ತ ನೋಡಿ ತಲೆಯಾಡಿಸಿದರು.

ದಿಬ್ಬಣ ಹೊರಡುವಾಗ ದೊಡ್ಡಮ್ಮ ವರನ ಅತ್ತಿಗೆಯ ಕೈ ಹಿಡಿದು, "ಸಣ್ಣಪುಟ್ಟ ಸಾಮಾನು ಕಾಣದಾಗಬಹುದು. ಬೈಯಬೇಡಿ. ಮಿಸ್ಚಿಫ್ ಅಂತ ಒಂದು ಸಲ ಹೇಳಿ, ಸಾಕು" ಎಂದರು.

ಮರುದಿನದಿಂದ ಕನ್ನಡಕ ಇಟ್ಟಲ್ಲೇ ಇತ್ತು. ದೊಡ್ಡಮ್ಮ ಸೊರಗಿದರು. ನೋಡಲಾಗದೆ ಒಮ್ಮೆ ನಾನೇ ಸೌಟನ್ನು ದೇವರ ಕೋಣೆಯಲ್ಲಿ ಅಡಗಿಸಿದೆ. "ನೀನಾ" ಎಂದು ಅದನ್ನು ತಂದು ತೊಳೆದಿಟ್ಟರು. ನನ್ನ ಮದುವೆಯ ಸುದ್ದಿ ಕೇಳಬೇಡಿ, ಅದು ಇನ್ನೂ ಬಾಗಿಲವರೆಗೇ ಬರುತ್ತಿದೆ.

ಕಳೆದ ಭಾನುವಾರ ನಾನು ಇನ್ನಂಜೆಯಲ್ಲಿದ್ದಾಗ ಕುಕ್ಕುಂದೂರಿನಿಂದ ಫೋನು ಬಂತು. ಆ ಅತ್ತಿಗೆಯ ದನಿ ನನಗೂ ಕೇಳುತ್ತಿತ್ತು.

"ಟೀಚರೇ, ಬೆಳಿಗ್ಗೆಯಿಂದ ಸೌಟು ಕಾಣುತ್ತಿರಲಿಲ್ಲ. ಈಗ ನೋಡಿದರೆ ದೇವರ ಕೋಣೆಯಲ್ಲಿ ಉಂಟು. ನೀವೊಂದು ಇಂಗ್ಲಿಷ್ ಶಬ್ದ ಹೇಳಿದ್ದಿರಲ್ಲ, ಎಂತದು ಅದು?"

ದೊಡ್ಡಮ್ಮ ಎದ್ದು ನಿಂತರು. ಆ ಪದವನ್ನು ನಿಧಾನವಾಗಿ, ಎರಡು ಸಲ ಹೇಳಿಕೊಟ್ಟರು.

"ಜೋರು ಮಾಡಬೇಡಿ ಆಯ್ತಾ. ಅವಳಿಗೆ ಆರೇ ವರ್ಷ" ಎಂದು ಫೋನು ಇಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ಹೊಂದಿಕೊಂಡಿದ್ದಾಳೆ" ಎಂದರು.