ಹಿಂದಿನ ಸೀಟಿನ ರಾವಸಾಹೇಬರು

“ಭಾಮಾ, ಆ ವಾಸನಿ ಎಲ್ಲಿಂದ ಬರ್ತದ ಅಂತ ನಾಳೆ ಸಂಜಿಯೊಳಗ ಹಿಡದು ತೋರಿಸಲಿಲ್ಲಂದ್ರ ನಾ ಡಾಕ್ಟರನಽ ಅಲ್ಲ!”

ಮುಂಜಾನೆಯ ಊಟದಲ್ಲಿ ಸಾರನ್ನದ ಕೈಯನ್ನು ಗಾಳಿಯಲ್ಲಿ ಝಳಪಿಸುತ್ತ ಹೀಗೆ ಗರ್ಜಿಸಿದವನು ನಾನೇ. ಧಾರವಾಡದಿಂದ ಪುಣೆಗೆ ಬಂದು, ಡೆಕ್ಕನ್ ಜಿಮಖಾನಾದ ಹತ್ತಿರ ಹಲ್ಲಿನ ದವಾಖಾನೆ ತೆರೆದ ದಿಗಂಬರ. ರೋಗಿ ಬಾಯಿ ತೆರೆಯುವ ಮೊದಲೇ ಯಾವ ಹಲ್ಲು ಹುಳುಕೆಂದು ಮೂಗಿನಿಂದಲೇ ಹೇಳಬಲ್ಲವನೆಂದು ಊರಲ್ಲಿ ನನಗೆ ಖ್ಯಾತಿ. ಆ ಖ್ಯಾತಿಯನ್ನು ಊರಿಗೆ ಹಬ್ಬಿಸಿದವನೂ ನಾನೇ! ಇಂಥ ಮೂಗಿನ ಮುಂದೆ ಒಂದು ಮೋಟಾರಿನ ಪೆಟ್ರೋಲ್ ವಾಸನೆ ಯಾವ ಲೆಕ್ಕ?

“ನಾಳೆ ಅಮಾಸಿ ಅದ,” ಎಂದಳು ಭಾಮಾ, ನನ್ನ ಹೆಂಡತಿ.

“ಅಮಾಸಿಗೂ ಪೆಟ್ರೋಲಿಗೂ ಏನ ಸಂಬಂಧ?”

“ಪೆಟ್ರೋಲಿಗಿಲ್ಲರಿ. ಮೋಟಾರಿನ್ಯಾಗ ಕೂಡೋರಿಗೆ ಅದ.”

ನಾನು ನಕ್ಕೆ. ನಕ್ಕೆನೆಂದು ಹೇಳಿಕೊಳ್ಳುತ್ತೇನೆ, ಗಂಟಲಿನಿಂದ ಹೊರಬಿದ್ದ ಸದ್ದು ನನಗೇ ಗುರುತು ಸಿಗಲಿಲ್ಲ.

ಅದು ಮಹಾಯುದ್ಧದ ಕಾಲ. ಪೆಟ್ರೋಲು ಕೂಪನ್ನಿಗೆ ಮಾತ್ರ. ಡಾಕ್ಟರನೆಂದು ನನಗೂ ಒಂದಿಷ್ಟು ಸಿಗುತ್ತಿತ್ತು. ಅದರಲ್ಲಿ ಒಂದು ತೊಟ್ಟನ್ನೂ ಸುಡದೆ ನಾನು ಮಳೆಯಲ್ಲಿ ಸೈಕಲ್ ತುಳಿದುಕೊಂಡು ದವಾಖಾನೆಗೆ ಹೋಗುತ್ತಿದ್ದೆ. ಕಾರಣ ಭಾಮಾ. ಅವಳಿಗೆ ದಿನ ತುಂಬಿದ್ದವು. ಎರಡು ವರ್ಷದ ಹಿಂದೆ ಇಂಥದ್ದೇ ಮಳೆಯಲ್ಲಿ ಟಾಂಗಾ ಸಿಗದೆ ನಾವು ಆಸ್ಪತ್ರೆಗೆ ತಡವಾಗಿ ಮುಟ್ಟಿದೆವು. ಆ ಮಗು ಉಳಿಯಲಿಲ್ಲ. ಆ ಮಾತನ್ನು ನಾವಿಬ್ಬರೂ ಆಡುವುದಿಲ್ಲ. ನಾನು ಮಾತ್ರ ಮರುತಿಂಗಳೇ ಈ ಹಳೆಯ ಮೋಟಾರನ್ನು ಕೊಂಡು ತಂದೆ. ಟಾಕಿಯಲ್ಲಿ ಕೂಡಿಟ್ಟ ಪೆಟ್ರೋಲೆಲ್ಲ ಒಂದೇ ಒಂದು ಪ್ರಯಾಣಕ್ಕೆ ಮೀಸಲಾಗಿತ್ತು.

ಮೋಟಾರಿನ ಮೊದಲ ಒಡೆಯರು ಒಬ್ಬ ಮುದುಕ ರಾವಸಾಹೇಬರು. ಎಲ್ಲಿಗೂ ಹೋಗುವುದಿಲ್ಲದಿದ್ದರೂ ದಿನಾ ಸಂಜೆ ಶಾಲು ಹೊದ್ದು, ಹಿಂದಿನ ಸೀಟಿನಲ್ಲಿ ಕೆಮ್ಮುತ್ತ ಕೂತಿರುತ್ತಿದ್ದರಂತೆ. ಒಂದು ಸಂಜೆ ಕೆಮ್ಮು ನಿಂತಿತು. ಮನೆಯವರು ಬಂದು ನೋಡಿದರೆ ರಾವಸಾಹೇಬರೂ ನಿಂತಿದ್ದರು, ಅಂದರೆ ಕೂತಲ್ಲೇ. ಈ ಚರಿತ್ರೆಯನ್ನು ನನಗೆ ಹೇಳಿದವರು ಮಹಡಿಯ ಮೇಲಿರುವ ನಮ್ಮ ಮನೆಯ ಮಾಲೀಕ ಮಾರ್ತಾಂಡರಾಯರು. ಮೋಟಾರು ಕೊಳ್ಳುವ ಮೊದಲಲ್ಲ, ಕೊಂಡ ಮೇಲೆ!

ವಾಸನೆ ಶುರುವಾದದ್ದು ಹೋದ ವಾರ. ಹಗಲೆಲ್ಲ ಏನೂ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಯಾರೋ ಕರೆದಂತೆ, ಅದು ಅಂಗಳ ದಾಟಿ ಬರುತ್ತಿತ್ತು. ಮೊದಲು ತುಳಸಿಕಟ್ಟೆಯ ಹತ್ತಿರ. ಆಮೇಲೆ ಪಡಸಾಲೆಯಲ್ಲಿ. ಕೊನೆಗೆ ಭಾಮಾಳ ತಲೆದಿಂಬಿನ ಬಳಿ ಬಂದು ನಿಲ್ಲುತ್ತಿತ್ತು. ಊಟ ಮುಗಿಯುವಷ್ಟರಲ್ಲಿ ಮಾಯ. ಮೋಟಾರಿದ್ದದ್ದು ಹಿತ್ತಲಿನ ಹಳೆಯ ಕುದುರೆ ಲಾಯದಲ್ಲಿ. ಬಾಗಿಲಿಗೆ ಬೀಗ. ಬೀಗದ ಕೈ ನನ್ನ ಜನಿವಾರದಲ್ಲಿ. ಗಾಯತ್ರಿ ಜಪಿಸುವಾಗಲೂ ಅದು ಹೊಟ್ಟೆಗೆ ಕಟಕಟ ಬಡಿಯುತ್ತಿತ್ತು.

ಮೋಟಾರಿನ ತಳಕ್ಕೆ ಪೇಪರು ಹಾಸಿ ನೋಡಿದೆ. ಒಂದು ಹನಿಯೂ ಬೀಳಲಿಲ್ಲ. ಟಾಕಿಯೊಳಗೆ ಬಿದಿರು ಕಡ್ಡಿ ಇಳಿಸಿ ನೋಡಿದೆ. ಪೆಟ್ರೋಲು ಕಡಿಮೆಯಾಗಿತ್ತು! ಮರುದಿನ ಮತ್ತಷ್ಟು. ಸೋರದೆ, ಸುಡದೆ, ಒಂದು ಮಾರು ದೂರ ಓಡದೆ ಪೆಟ್ರೋಲು ಇಳಿಯುತ್ತಿತ್ತು. ಮುಂದಿನ ಕೂಪನ್ನು ಬರುವುದು ಮುಂದಿನ ತಿಂಗಳು. ಕೂಸು ಅಲ್ಲಿಯವರೆಗೆ ಕಾಯುವ ಲಕ್ಷಣವಿರಲಿಲ್ಲ.

ಮಾರ್ತಾಂಡರಾಯರು ಗ್ಯಾಲರಿಯಿಂದ ಬಗ್ಗಿ ಪಿಸುಗುಟ್ಟಿದರು: “ಡಾಕ್ಟರ, ರಾವಸಾಹೇಬ ಕುಠೇ ಗೇಲೇಚ ನಾಹೀತ!” ರಾವಸಾಹೇಬರು ಎಲ್ಲಿಗೂ ಹೋಗಿಯೇ ಇಲ್ಲವಂತೆ.

ಮನೆಯಲ್ಲಿ ಧೈರ್ಯವಾಗಿದ್ದವರು ಒಬ್ಬರೇ, ನಮ್ಮ ಸೋದರತ್ತೆ ಗಂಗೂಬಾಯಿ. ಭಾಮಾಳಿಗೆ ತಾಯಿಯಿಲ್ಲವೆಂದು ಬಾಣಂತನ ಮಾಡಲು ಧಾರವಾಡದಿಂದ ಬಂದಿದ್ದರು. ಅತ್ತೆಯ ಮಡಿ ಎಂದರೆ ಬ್ರಿಟಿಷ್ ಸರಕಾರಕ್ಕಿಂತ ಬಿಗಿ. ನಳದ ನೀರನ್ನು ಅವರು ಮುಟ್ಟುವುದಿಲ್ಲ. ನಳದೊಳಗೆ ಚರ್ಮದ ಬಿಲ್ಲೆ ಇರುತ್ತದಲ್ಲ! ಬಾವಿಯ ನೀರೇ ಆಗಬೇಕು. ಅವರು ಬಂದ ಹೊಸತರಲ್ಲಿ ನಾನು ಒಂದು ಸಂಜೆ ಪೂರ್ತಿ ಕೂತು ಪೆಟ್ರೋಲಿನ ಜನ್ಮವೃತ್ತಾಂತವನ್ನು ವಿವರಿಸಿದ್ದೆ. ಅತ್ತೆ ಹೂಬತ್ತಿ ಹೊಸೆಯುತ್ತ ಭಕ್ತಿಯಿಂದ ಕೇಳಿದ್ದರು.

“ಅತ್ತೀ, ನಿಮಗ ದೆವ್ವದ ಅಂಜಿಕಿ ಇಲ್ಲೇನು?” ಎಂದು ಈಗ ಭಾಮಾ ಕೇಳಿದಳು.

“ಯಾಕ ಅಂಜಬೇಕವಾ? ದೆವ್ವಕ್ಕ ಮೈಯಽ ಇಲ್ಲ. ಮೈ ಇಲ್ಲಂದಮ್ಯಾಲೆ ಮೈಲಿಗಿ ಎಲ್ಲೀದು?”

ಆ ದಿನ ಸಂಜೆ ನಾನು ಬೇಗ ಮನೆಗೆ ಬಂದೆ. ಮಳೆ ನಿಂತಿತ್ತು. ಮೋಡದ ಹಿಂದೆ ಬೆಳಕು ಇನ್ನೂ ಪೂರ್ತಿ ಆರಿರಲಿಲ್ಲ. ಹಿತ್ತಲಿನ ಬೇವಿನ ಮರದಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ದಿನಾ ಆ ಹೊತ್ತಿಗೆ ಅವುಗಳ ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳಬೇಕಾಗುತ್ತಿತ್ತು. ನಾನು ನಿಂತಲ್ಲೇ ನಿಂತೆ. ಆಗ ವಾಸನೆ ಬಂತು. ಗಾಳಿಯಿಲ್ಲದೆ ಬಂತು. ನೆಲದ ಮೇಲೆ ತೆವಳಿಕೊಂಡು ಬಂದು ನನ್ನ ಕಾಲು ಸುತ್ತಿದಂತಾಯಿತು.

ಲಾಯದ ಕಿಟಕಿಯ ಗಾಜಿಗೆ ಮೂಗು ಹಚ್ಚಿದೆ. ಒಳಗೆ ಕಪ್ಪು ಮೋಟಾರು, ಅದರ ಸುತ್ತ ಕತ್ತಲು. ಕಣ್ಣು ಹೊಂದಿಕೊಂಡಂತೆ ಹಿಂದಿನ ಸೀಟು ಕಂಡಿತು. ಸೀಟಿನ ಜಾಗದಲ್ಲಿ ಯಾರೋ ಇದ್ದರು.

ತಲೆ ಇರಲಿಲ್ಲ. ಹೆಗಲಿನ ಆಕಾರವಿತ್ತು, ಶಾಲು ಹೊದ್ದಂತೆ. ನೋಡುತ್ತ ನೋಡುತ್ತ ನನಗೆ ಇನ್ನೊಂದು ತಿಳಿಯಿತು. ಅದು ಸೀಟಿನ ಮೇಲೆ ಕೂತಿರಲಿಲ್ಲ. ಸೀಟಿನಿಂದ ಒಂದು ಗೇಣು ಮೇಲೆ, ಏನನ್ನೂ ತಾಗದೆ, ತೇಲುತ್ತಿತ್ತು. ಮೆಲ್ಲಗೆ ಅದು ನನ್ನ ಕಡೆಗೆ ತಿರುಗಿತು.

ಒಳಗಿನಿಂದ ಒಂದು ಕೆಮ್ಮು ಕೇಳಿಸಿತು. ಮುದಿ ಎದೆಯ ಒಣ ಕೆಮ್ಮು.

ಆಮೇಲೆ ನಡೆದದ್ದನ್ನು ಯುದ್ಧದ ಭಾಷೆಯಲ್ಲಿ ಹೇಳುವುದಾದರೆ, ನಮ್ಮ ಸೇನೆ ಪೂರ್ವನಿಯೋಜಿತ ಸ್ಥಾನಕ್ಕೆ ಹಿಂದೆ ಸರಿಯಿತು. ಒಂದು ಚಪ್ಪಲಿಯನ್ನು ರಣಭೂಮಿಯಲ್ಲೇ ಬಿಟ್ಟು!

“ಏನ ಕಂಡ್ರಿ?” ಎಂದಳು ಭಾಮಾ.

“ಏನೂ ಇಲ್ಲ.”

“ಮತ್ತ ಚಪ್ಪಲಿ?”

“ಅಲ್ಲೇ ಇರಲಿ ಅಂತ ಬಿಟ್ಟ್ ಬಂದೀನಿ. ಗುರ್ತಿಗೆ!”

ಭಾಮಾ ನಗಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡಿದಳು. “ಈ ಸಲಾನೂ ತಡ ಆದ್ರ?” ಎಂದಳು. ಅಷ್ಟೇ. ಎರಡು ವರ್ಷದಲ್ಲಿ ಅವಳು ಮೊದಲ ಸಲ ಆ ಮಾತೆತ್ತಿದ್ದಳು. ನನಗೆ ನನ್ನ ಹೆದರಿಕೆಯ ಬಗ್ಗೆ ನಾಚಿಕೆಯಾಯಿತು. ರಾವಸಾಹೇಬರಿರಲಿ, ಅವರ ಅಪ್ಪನೇ ಬಂದು ಕೂತಿರಲಿ, ಆ ಪೆಟ್ರೋಲು ನನ್ನ ಮಗುವಿನದು!

ಮರುದಿನ ಅಮಾವಾಸ್ಯೆ. ಸಂಜೆ ಕಂದೀಲು ಹಿಡಿದು ಹೊರಟವನನ್ನು ಭಾಮಾ ತಡೆದಳು.

“ಪೆಟ್ರೋಲಿನ ಹತ್ರ ದೀಪಾ ಒಯ್ತೀರೇನು? ದೆವ್ವದ ಜೋಡಿ ನೀವೂ ಸುಟ್ಟ್ ಹೋಗ್ತೀರಿ!”

ಬ್ಯಾಟರಿಯ ಸೆಲ್ಲು ಯುದ್ಧದಿಂದಾಗಿ ಪೇಟೆಯಲ್ಲೇ ಇರಲಿಲ್ಲ. ಹೀಗಾಗಿ ಬರಿಗೈಯಲ್ಲಿ ಹೋದೆ. ಬೀಗ ತೆಗೆಯಲು ಜನಿವಾರವನ್ನು ಎಳೆದಾಗ ಬೀಗದ ಕೈ ಬಾಗಿಲಿಗೆ ಟಕಟಕ ಬಡಿಯಿತು. ಒಳಗಿದ್ದವರಿಗೆ ನಾನೇ ಬಾಗಿಲು ತಟ್ಟಿ ಅಪ್ಪಣೆ ಕೇಳಿದಂತಾಯಿತು.

ಒಳಗೆ ಕಣ್ಣು ಉರಿಯುವಷ್ಟು ವಾಸನೆ. ಮೋಟಾರಿನ ಮೈಯನ್ನು ತಡವಿಕೊಂಡು ಹಿಂದಕ್ಕೆ ಸರಿದೆ. ಮೋಟಾರಿನ ಹಿಂದಿನ ಬಾಗಿಲು ತೆರೆದೇ ಇತ್ತು. ನಾನು ತೆರೆದದ್ದಲ್ಲ. ಎಲ್ಲಿಯೋ ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಯಾರೋ ಉಸಿರಾಡುತ್ತಿದ್ದರು. ನಾನು ಉಸಿರು ಬಿಗಿಹಿಡಿದೆ. ಆ ಉಸಿರು ನಿಲ್ಲಲಿಲ್ಲ.

“ರಾವಸಾಹೇಬ,” ಎಂದೆ, ಇದ್ದಬದ್ದ ಮರಾಠಿಯೆಲ್ಲ ಮರೆತು. “ಮೋಟಾರ್ ಬೇಕಾದ್ರ ಇಟಗೊಳ್ರಿ. ಪೆಟ್ರೋಲ್ ಅಷ್ಟು ಬಿಟ್ಟ್ ಬಿಡ್ರಿ. ಮನಿಯಾಕಿ ಬಸರಿ ಇದ್ದಾಳ.”

ಕೈ ಚಾಚಿದೆ. ತಣ್ಣಗೆ, ಒದ್ದೆಯಾಗಿ, ಮೆತ್ತಗೆ ಏನೋ ಬೆರಳಿಗೆ ತಾಗಿತು. ಮರುಕ್ಷಣ ಅದು ಮೇಲಿನಿಂದ ಕಳಚಿ ನನ್ನ ತಲೆಯ ಮೇಲೆ ಬಿತ್ತು, ಮುಖವನ್ನು ಸುತ್ತಿತು, ಬಾಯಿ ಮೂಗು ಮುಚ್ಚಿತು. ನಾನು ಕೂಗಿದೆ. ಕೂಗು ಹೊರಗೆ ಬರುವ ಮೊದಲೇ ಕತ್ತಲಲ್ಲಿ ಇನ್ನೊಂದು ಕೂಗು ಎದ್ದಿತು.

“ಅಯ್ಯ! ಮುಟ್ಟಿಬಿಟ್ಯಲ್ಲೋ, ಖೋಡಿ! ಮಡಿ ಅದಽ ಅದು!”

“ಅ... ಅತ್ತೀ?”

“ಮತ್ತ್ಯಾರು? ಮಡಿಯೊಳಗ ಮಾತಾಡಬಾರದಂತ ಬಾಯಿ ಮುಚ್ಚಿದ್ದೆ. ಚಪ್ಪಲಿ ಮುಟ್ಟಿದ ಕೈಲೇ ರೇಶಿಮಿ ಸೀರಿ ಹಿಡದಿ! ಎಲ್ಲಾ ಮೈಲಿಗಿ ಆತು!”

ಮುಖದ ಮೇಲಿನ ರಾವಸಾಹೇಬರನ್ನು ಬಿಡಿಸಿಕೊಂಡೆ. ಅತ್ತೆಯ ಮಡಿಯ ಕೆಂಪು ರೇಶಿಮೆ ಸೀರೆ! ಮೋಟಾರಿನ ಚಾವಣಿಯ ಕಂಬಿಗೆ ಕೋಲು ಕಟ್ಟಿ ಹರವಿದ್ದರು. ಅದರಿಂದ ಪೆಟ್ರೋಲು ತೊಟ್ಟಿಕ್ಕುತ್ತಿತ್ತು.

“ಇದೇನು ವಾಸನಿ, ಅತ್ತೀ?”

“ಪೆಟ್ರೋಲಿನ್ಯಾಗ ಒಗದೀನಿ, ಮತ್ತ ಮಲ್ಲಿಗಿ ವಾಸನಿ ಬರ್ತದೇನು? ಹೋದ ವಾರ ಬಾವ್ಯಾಗ ಹೆಗ್ಗಣ ಬಿದ್ದು ಸತ್ತದ. ನಳಕ್ಕ ಚರ್ಮ. ಅಗಸರ ಕೈಗೆ ಕೊಟ್ರ ಮಡಿ ಉಳೀತದ? ನೀನಽ ಅಂದ್ಯಲ್ಲೋ ಅವತ್ತು! ಪೆಟ್ರೋಲು ಭೂಮಿಯೊಳಗ ಬಾವಿ ತೋಡಿ ತಗೀತಾರ, ದೊಡ್ಡ ಮಂದಿ ರೇಶಿಮಿ ಬಟ್ಟಿ ಅದರಾಗಽ ಒಗಸ್ತಾರ ಅಂತ. ಬಾವೀದು ಅಂದಮ್ಯಾಲೆ ಎಲ್ಲಿ ಬಾವಿ ಆದರೇನು?”

“ಬೀಗ ಹಾಕಿತ್ತಲ್ಲ!”

“ಹಿಂದ ಕುದುರಿಗೆ ಹುಲ್ಲು ಹಾಕೋ ಬಾಗಲಾ ಅದ. ಅದನ್ನ ನೀ ನೋಡೇ ಇಲ್ಲೇನು? ಎಣ್ಣಿ ತಗಿಯೋ ಉದ್ದ ಹಿಡಿಕಿ ಪಳೀಲೆ ಟಾಕಿಯೊಳಗಿಂದ ತಗದು ತಗದು ಒಗದೀನಿ. ಊಟದ ಹೊತ್ತಿಗೆಲ್ಲ ಒಣಗಿಬಿಡ್ತದ. ಭಾಳ ಚಲೋ ಅದ ನಿನ್ನ ಬಾವಿ.”

“ಮತ್ತ ಸೀಟಿನಿಂದ ಒಂದು ಗೇಣು ಮ್ಯಾಲೆ...”

“ಸೀಟು ಚರ್ಮದ್ದಪ್ಪಾ! ತಾಗಬಾರದಲ್ಲ?”

ಲಾಯದ ಬಾಗಿಲಲ್ಲಿ ಭಾಮಾ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳಿಗೆ ನಗು ತಡೆಯಲಾಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ಹೊಟ್ಟೆ ಹಿಡಿದು ನಕ್ಕಳು. “ರಾವಸಾಹೇಬ, ಪೆಟ್ರೋಲ್ ಅಷ್ಟು ಬಿಟ್ಟ್ ಬಿಡ್ರಿ!” ಎಂದು ನನ್ನ ಧ್ವನಿಯನ್ನು ಅಣಕಿಸಿ ನಕ್ಕಳು. ನಗು ನಡುವೆಯೇ ತುಂಡಾಯಿತು.

“ರೀ,” ಎಂದಳು. “ನೋವು.”

ಟಾಕಿಗೆ ಕಡ್ಡಿ ಇಳಿಸಿದೆ. ಒಣಗಿದ ಕಡ್ಡಿ ಒಣಗಿದಂತೆಯೇ ಮೇಲೆ ಬಂತು. ಹೊರಗೆ ಮಳೆ ಮತ್ತೆ ಶುರುವಾಯಿತು. ಅದೇ ಮಳೆ, ಅದೇ ಸದ್ದು.

“ಅತ್ತೀ, ಅದು ಭಾಮಾನ ಸಲುವಾಗಿ ಇಟ್ಟಿದ್ದ ಪೆಟ್ರೋಲು,” ಎಂದೆ.

ಹೋದ ಸಲದ ಸಂಗತಿ ಅತ್ತೆಗೂ ಗೊತ್ತಿತ್ತು. ತಟ್ಟನೆ ಲಾಯದ ಹಿಂದಿನ ಬಾಗಿಲಿನಿಂದ ಮಾಯವಾಗಿ, ತಾಮ್ರದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಬಂದರು.

“ಒಗದದ್ದೆಲ್ಲ ಸೋಸಿ ಇಟ್ಟೀನಿ. ಚೆಲ್ಲಲಿಕ್ಕೆ ಮನಸ ಆಗಲಿಲ್ಲ. ಹಿಡಿ! ನನ್ನ ಮುಟ್ಟಿದ್ರೂ ಅಡ್ಡಿ ಇಲ್ಲ, ಹಿಡಿಯೋ!”

ಸುರಿದೆವು. ಅರ್ಧ ಟಾಕಿಗೆ, ಅರ್ಧ ನನ್ನ ಅಂಗಿಗೆ. ಹ್ಯಾಂಡಲ್ ತಿರುಗಿಸಿ ತಿರುಗಿಸಿ ಮುಖಕ್ಕೆಲ್ಲ ಮಸಿಯಾಯಿತು. ಒಗೆದ ಪೆಟ್ರೋಲು ಕುಡಿದ ಮೋಟಾರು ಒಮ್ಮೆ ಸೀನಿ, ಒಮ್ಮೆ ಬಿಕ್ಕಳಿಸಿ ಎದ್ದಿತು! ಮಡಿಯ ಗಂಗೂಬಾಯಿ ಚರ್ಮದ ಸೀಟಿನ ಮೇಲೆ ಕಾಲು ಮಡಚಿ ಕೂತು ಭಾಮಾಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅದನ್ನು ಕಂಡು ನನ್ನ ಕಣ್ಣು ತುಂಬಿ ಬಂತು. ಪೆಟ್ರೋಲಿನ ಉರಿಯೂ ಇತ್ತೆನ್ನಿ.

ಲಕಡೀ ಪೂಲಿನ ಸೇತುವೆ ದಾಟುವಾಗ ನೆನಪಾಯಿತು.

“ಅತ್ತೀ, ನಿನ್ನೆ ಸಂಜಿಮುಂದ ಮೋಟಾರಿನ್ಯಾಗ ಕೆಮ್ಮಿದ್ದು ನೀವಽ ಹೌದಲ್ಲ?”

“ಮಡಿಯೊಳಗ ನಾ ಎಂದಾದರೂ ಕೆಮ್ಮೀನೇನು? ಹಿಂದ ನೋಡಬ್ಯಾಡ. ಮುಂದ ನೋಡಿ ಹೊಡಿ!”

ನೋಡಲಿಲ್ಲ. ಆ ಮೋಟಾರನ್ನು ಮಾರುವವರೆಗೂ ನಾನು ಹಿಂದಿನ ಕನ್ನಡಿಯಲ್ಲಿ ನೋಡಲೇ ಇಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಭಾಮಾಳನ್ನೂ ಅತ್ತೆಯನ್ನೂ ಒಳಗೆ ಬಿಟ್ಟುಕೊಂಡ ನರ್ಸಬಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೂಗಿಗೆ ಸೆರಗು ಹಿಡಿದು, ಹೊರಗಿನ ಬೆಂಚು ತೋರಿಸಿದಳು. ಮಸಿ ಬಳಿದ ಮುಖ, ಪೆಟ್ರೋಲು ನಾರುವ ಅಂಗಿ. ನಾನು ಕೂತೆ. ಮಳೆ ಸುರಿಯುತ್ತಲೇ ಇತ್ತು. ಒಳಗಿನಿಂದ ಯಾವ ಸದ್ದೂ ಇಲ್ಲ. ಹೋದ ಸಲವೂ ಹೀಗೇ ಸದ್ದಿರಲಿಲ್ಲ. ಲಾಯದ ಕತ್ತಲೆಗೆ ಅಂಜಿದ್ದಕ್ಕಿಂತ ಹೆಚ್ಚು ಆ ಬಿಳಿ ಗೋಡೆಗೆ ಅಂಜಿದೆ. ಗೊತ್ತಿದ್ದ ಸ್ತೋತ್ರಗಳೆಲ್ಲ ಮುಗಿದವು.

ಆಗ ಅಳು ಕೇಳಿಸಿತು. ಗಟ್ಟಿಯಾದ, ಜಗಳಗಂಟಿಯಾದ, ಬದುಕಿರುವ ಅಳು!

ಬಾಗಿಲು ತೆರೆಯಿತು. ನರ್ಸಬಾಯಿ ನನ್ನ ಕಡೆಗೆ ಬೆರಳು ತೋರಿಸಿ ಮರಾಠಿಯಲ್ಲಿ ಜೋರಾಗಿ ಹೇಳಿದಳು: “ಏ ಡ್ರೈವರ್! ಇಲ್ಲೇನು ಬಾಯಿ ಬಿಟ್ಕೊಂಡು ಕೂತಿದ್ದೀ? ಹೆಣ್ಣು ಮಗು, ಇಬ್ಬರೂ ಆರಾಮ. ಓಡು, ನಿಮ್ಮ ಸಾಹೇಬರಿಗೆ ಹೋಗಿ ಹೇಳು!”

ನಾನು ಏನೋ ಹೇಳಲು ಬಾಯಿ ತೆರೆದೆ. ಅಳುವಿನ ಹೊರತು ಏನೂ ಬರಲಿಲ್ಲ. ಅಷ್ಟರಲ್ಲಿ ಒಳಗಿನಿಂದ, ದಣಿದಿದ್ದರೂ ಗುರುತು ತಪ್ಪದ ಭಾಮಾಳ ಧ್ವನಿ ಬಂತು, ಅದೂ ನರ್ಸಬಾಯಿಗೆ ಅರ್ಥವಾಗದ ನಮ್ಮ ಧಾರವಾಡದ ಕನ್ನಡದಲ್ಲಿ:

“ಹೋಗಿ ಹೇಳ್ರಿ, ಡ್ರೈವರ್. ಖರೇ, ಸಾವಕಾಶ ಹೇಳ್ರಿ. ನಮ್ಮ ಸಾಹೇಬರಿಗೆ ಭಾಳ ಅಂಜಿಕಿ!”