'ಕಟ್' ಎಂದರೆ ಕತ್ತರಿಸುವ ದರ್ಜಿಯ ಅಹವಾಲು

ನಮ್ಮ ಬೀದಿಗೆ ಕ್ಯಾಮೆರಾ ಹೊತ್ತು ತಂದ ನಿರ್ದೇಶಕ ಮಹಾಶಯರಿಗೆ,

ಮಾನ್ಯರೇ,

ತಾವೂ ತಮ್ಮ ಮೂರು ಕಾಲಿನ ಸ್ಟ್ಯಾಂಡೂ ಕ್ಷೇಮವೆಂದು ನಂಬಿ, ಈ ಸಣ್ಣ ಅಹವಾಲನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಟನೆ ಬಾರದವರೇ ಬೇಕೆಂದು ತಾವು ಹುಡುಕಿಕೊಂಡು ಬಂದಿರಿ. ಆ ಅರ್ಹತೆ ನಮ್ಮಲ್ಲಿ ಯಾರಿಗೂ ಕಡಿಮೆ ಇರಲಿಲ್ಲವಾದ್ದರಿಂದ ಬೀದಿಗೆ ಬೀದಿಯೇ ಆಯ್ಕೆಯಾಯಿತು. ದರ್ಜಿಯಾದ ನನಗೆ ದರ್ಜಿಯ ಪಾತ್ರವನ್ನೇ ಕೊಟ್ಟು, ನೀವು ನೀವಾಗಿದ್ದರೆ ಸಾಕು ಎಂದಿರಿ. ನಾನು ನಾನಾಗಿಯೇ ಕತ್ತರಿ ಹಿಡಿದು ನಿಂತಿದ್ದಾಗ 'ಕಟ್' ಎಂದು ಕೂಗಿದಿರಿ. ಮೂವತ್ತು ವರ್ಷ ಪಳಗಿದ ಕೈ, ಕತ್ತರಿಸಿಬಿಟ್ಟಿತು. ಪೋಸ್ಟ್‌ಮಾಸ್ತರರ ಪ್ಯಾಂಟು ಮಂಡಿಗೇ ನಿಂತಿತು. ಎಷ್ಟು ಸಹಜ ಎಂದು ತಾವು ಹಿಗ್ಗಿದಿರಿ. ಅವರು ಇಂದಿಗೂ ಅಷ್ಟು ಹಿಗ್ಗಿಲ್ಲ.

ಅದನ್ನು ಹೊಟ್ಟೆಗೆ ಹಾಕಿಕೊಂಡೆ. ಆದರೆ ಕಥೆಯಲ್ಲಿ ನನ್ನ ಅಣ್ಣನಾಗಲು ತಾವು ಎದುರಿನ ಇಸ್ತ್ರಿ ಅಂಗಡಿಯವನನ್ನು, ಅಂದರೆ ನನ್ನ ಒಡಹುಟ್ಟಿದ ಅಣ್ಣನನ್ನೇ ಕರೆತಂದಿರಿ. ಅಂಗಡಿಯ ಬೋರ್ಡಿನಲ್ಲಿ ಯಾರ ಹೆಸರು ಮೊದಲಿರಬೇಕೆಂದು ಜಗಳವಾಡಿ, ಅಂಗಡಿ ಎರಡಾಗಿ, ನಾವು ಮಾತು ಬಿಟ್ಟು ಎಂಟು ವರ್ಷ. ರಾಜಿಯ ದೃಶ್ಯದಲ್ಲಿ ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, ತಾವು ಬರೆದುಕೊಟ್ಟ ಹಾಗೆ, "ಬಾರೋ, ಊಟ ಮಾಡೋಣ" ಎನ್ನಬೇಕಿತ್ತು. ಅಂದ. ಉತ್ತರ ಕೊಡಬೇಕಾದ ನಾನೇ ಮರೆತೆ. ಒಂದಲ್ಲ, ಹತ್ತು ಸಲ. ತಲೆಯಲ್ಲಿ ಏನು ತುಂಬಿಕೊಂಡಿದ್ದೀರಿ ಎಂದು ತಾವು ರೇಗಿದಿರಿ. ಪ್ರತಿ ಸಲವೂ 'ಕಟ್' ಎಂದೊಡನೆ ಅಣ್ಣ ಕೈ ತೆಗೆದು ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದ.

ಶಾಲೆಯ ಹಾಲ್‌ನಲ್ಲಿ ಸಿನಿಮಾ ತೋರಿಸಿದಾಗ ಆ ದೃಶ್ಯವೇ ಮಾಯ. ಕೇಳಿದರೆ, "ನೀವಿಬ್ರೂ ಅಣ್ಣತಮ್ಮಂದಿರ ಥರ ಕಾಣ್ಲಿಲ್ಲ" ಎಂದಿರಿ. ಎಂಥ ಸೂಕ್ಷ್ಮ ಕಣ್ಣು ತಮ್ಮದು! ಅಲ್ಲದೆ, ಸಿನಿಮಾದ ಕೊನೆಗೆ ಬರುವ ಹೆಸರುಗಳ ಪಟ್ಟಿಯಲ್ಲಿ ನಮ್ಮಿಬ್ಬರನ್ನೂ 'ಮತ್ತು ಊರಿನವರು' ಎಂಬಲ್ಲಿ ಸೇರಿಸಿ, ಯಾರ ಹೆಸರು ಮೊದಲೆಂಬ ವ್ಯಾಜ್ಯವನ್ನು ಎರಡೇ ಪದದಲ್ಲಿ ತೀರಿಸಿದ ತಮ್ಮ ನ್ಯಾಯಬುದ್ಧಿಗೆ ಶರಣು.

ಆದ್ದರಿಂದ ಪ್ರಾರ್ಥನೆ ಇಷ್ಟೇ. ಕ್ಯಾಮೆರಾ ಬೇಡ, ತಾವೊಬ್ಬರೇ ಬನ್ನಿ. ಇಸ್ತ್ರಿ ಅಂಗಡಿಯ ಮುಂದೆ ನಿಂತು ಒಮ್ಮೆ 'ಆಕ್ಷನ್' ಎಂದು ಕೂಗಿ, ಹಾಗೆಯೇ ಬಸ್ಸು ಹತ್ತಿ ಹೊರಟುಬಿಡಿ. 'ಕಟ್' ಎನ್ನುವುದನ್ನು ಮಾತ್ರ ದಯಮಾಡಿ ಮರೆಯಿರಿ.

ತಮ್ಮ ವಿಶ್ವಾಸಿ,
'ಊರಿನವರು' ಪೈಕಿ ಒಬ್ಬ ದರ್ಜಿ

ತಾ.ಕ.: ನಾನು ಹೇಳಬೇಕಿದ್ದದ್ದು "ಹೂಂ ಅಣ್ಣ, ಬಂದೆ" ಎಂಬ ಮೂರೇ ಪದ, ಮೊದಲ ಸಲಕ್ಕೇ ಬಾಯಿಪಾಠವಾಗಿತ್ತು. ಹೇಳಿಬಿಟ್ಟಿದ್ದರೆ ಅವನು ಮತ್ತೆ ಕರೆಯುತ್ತಿರಲಿಲ್ಲ. ನಟನೆ ಬಾರದವನೆಂದು ಆರಿಸಿದಿರಲ್ಲ, ಹತ್ತು ಸಲ ಮರೆತಂತೆ ನಟಿಸಿದ್ದು ತಮಗೆ ತಿಳಿಯಲೇ ಇಲ್ಲ.