ಬೀದಿ ಕಾಣುವ ಅಡುಗೆಮನೆ

ನನಗೆ ಅರ್ಥಶಾಸ್ತ್ರವನ್ನು ಪಾಠ ಮಾಡಲು ಬರುತ್ತದೆಯೇ ಹೊರತು ಮನೆಯಲ್ಲಿ ಉಪಯೋಗಿಸಲು ಬರುವುದಿಲ್ಲ. ಗುಂಡ್ಲುಪೇಟೆಯ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ‘ನಿಘಂಟು ಕ್ರಮದ ಆಯ್ಕೆ’ ಎಂಬುದನ್ನು ಹೇಳಿಕೊಡುತ್ತೇನೆ. ನಿಘಂಟಿನಲ್ಲಿ ಮೊದಲ ಅಕ್ಷರವೇ ದೊಡ್ಡದು. ಎರಡು ಪದಗಳಲ್ಲಿ ಅದು ಒಂದೇ ಆಗಿದ್ದರೆ ಮಾತ್ರ ಎರಡನೆಯದರ ಕಡೆ ನೋಡುತ್ತೇವೆ. ಹಾಗೆಯೇ ಒಬ್ಬನಿಗೆ ಎಲ್ಲಕ್ಕಿಂತ ಮೊದಲು ಅನ್ನ ಬೇಕು ಎಂದಿಟ್ಟುಕೊಳ್ಳಿ. ಒಂದು ತುತ್ತು ಅನ್ನ ಬಿಟ್ಟುಕೊಡು, ಕೊಳಗ ಪಾಯಸ ಕೊಡುತ್ತೇನೆ ಎಂದರೂ ಅವನು ಒಪ್ಪುವುದಿಲ್ಲ. ಇಂಥವರು ಪುಸ್ತಕದಲ್ಲಿ ಮಾತ್ರ ಇರುತ್ತಾರೆ ಎಂದು ಹದಿನೈದು ವರ್ಷ ಧೈರ್ಯವಾಗಿ ಹೇಳಿದೆ. ಅಷ್ಟೂ ವರ್ಷ ಅಂಥವರೊಬ್ಬರು ನನಗೆ ಊಟದ ಡಬ್ಬಿ ಕಟ್ಟಿಕೊಡುತ್ತಿದ್ದರು.

ನಾವಿದ್ದದ್ದು ಚಾಮರಾಜನಗರದ ಒಂದು ಬಾಡಿಗೆ ಮನೆಯಲ್ಲಿ; ಕಾಲೇಜಿಗೆ ನಾನು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮಾಲೀಕರಿಗೆ ಅದು ಮಗಳ ಸಂಸಾರಕ್ಕೆ ಬೇಕಾಯಿತು, ತಿಂಗಳೊಳಗೆ ನಾವು ಬೇರೆ ನೋಡಿಕೊಳ್ಳಬೇಕಾಯಿತು. ಹೆಂಡತಿ ಗಿರಿಜಾ ಹರವೆ ಕಡೆಯವಳು, ಮಾತು ಕಡಿಮೆ. ಯಾವ ಮನೆಗೆ ಹೋದರೂ ನೇರ ಅಡುಗೆಮನೆಗೆ ನಡೆದು, ಕಿಟಕಿಯಿಂದ ಬೀದಿ ಕಾಣುತ್ತದೆಯೇ ಎಂದು ನೋಡುವಳು. ಕಾಣದಿದ್ದರೆ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುವಳು. ಕಂಡರೆ ಮಾತ್ರ ನೀರಿನ ವಿಚಾರ. ಎರಡು ಮನೆಗಳಲ್ಲಿ ನೀರೂ ಸಮವಾಗಿದ್ದರೆ ಆಮೇಲೆ ಕೋಣೆಗಳ ವಿಚಾರ. ಒಂದು ಮನೆಯಲ್ಲಿ ಮೂರು ಕೋಣೆ, ಬೋರ್‌ವೆಲ್ ನೀರು, ಹಿತ್ತಲಲ್ಲಿ ಮಲ್ಲಿಗೆ ಬಳ್ಳಿ, ನನ್ನ ಪುಸ್ತಕಗಳಿಗೆ ಗೋಡೆ ಬೀರು. ಅಡುಗೆಮನೆ ಕಿಟಕಿಗೆ ಮಾತ್ರ ಪಕ್ಕದವರ ಗೋಡೆ ಎದುರಾಗಿತ್ತು. ‘ಬ್ಯಾಡ, ನಡೀರಿ’ ಎಂದಳು. ಇಷ್ಟೆಲ್ಲ ಸಿಗುವಾಗ ಒಂದು ಕಿಟಕಿ ಹೋದರೇನು ಎಂದು ಅಳೆದು ತೂಗಿ, ಮರುದಿನ ಅವಳಿಗೆ ಹೇಳದೆ ಆ ಮನೆಯವರಿಗೆ ಮಾತು ಕೊಟ್ಟು ಬಂದೆ.

ಸಂಜೆ ವಿಷಯ ತಿಳಿಸಿದಾಗ ಅವಳು ಜಗಳವಾಡಿದ್ದರೆ ನಾನೂ ವಾದ ಮಾಡುತ್ತಿದ್ದೆ. ಅವಳು ಹುರುಳಿಕಾಳು ಆರಿಸುತ್ತಾ, ‘ಒಪ್ಕಂಡ್ ಬಂದಿದ್ದೀರಲ್ಲ, ಓಗನ ಬುಡಿ’ ಎಂದಳು. ಮೊರವನ್ನೊಮ್ಮೆ ಕೊಡವಿ, ‘ಅಲ್ಲಿ ನೀವು ಬರದು ನಂಗೆ ಎಂಗ್ ಕಾಣ್ತದೆ?’ ಎಂದಳು.

‘ನಾನು ದಿನಾ ಬರೋನೇ ಅಲ್ವಾ, ಅದ್ರಲ್ಲಿ ನೋಡೋದೇನಿದೆ?’ ಎಂದೆ.

‘ತೆರಕಣಾಂಬಿ ತಾವು ಬಸ್ ಕೆಟ್ ನಿಂತಿತ್ತಲ್ಲ, ಅವತ್ತಿಂದ ನೋಡ್ತೀನಿ ಕಣ್ರೀ. ನೀವು ಬೀದಿ ತಿರುವಿಗೆ ಬಂದ್ ಮೇಲೇ ನಂಗೆ ಜೀವ ಬರದು.’

ದಾರಿಯ ಮಧ್ಯದ ತೆರಕಣಾಂಬಿಯಲ್ಲಿ ಬಸ್ಸು ಕೆಟ್ಟ ಆ ದಿನ ನಾನು ಎರಡು ಗಂಟೆ ತಡವಾಗಿ ಬಂದಿದ್ದೆ. ಮೊಬೈಲ್ ಇನ್ನೂ ನಮ್ಮ ಮನೆಗೆ ಬಂದಿರಲಿಲ್ಲ. ಅವಳು ಕಾಫಿ ಲೋಟವನ್ನಷ್ಟೇ ಮುಂದಿಟ್ಟಿದ್ದಳು. ಅಲ್ಲಿಂದ ಈಚೆಗೆ ನಾನು ಬಾಗಿಲು ದಾಟುವಷ್ಟರಲ್ಲಿ ಕಾಫಿ ಬಿಸಿಯಾಗಿ ಕಾಯುತ್ತಿತ್ತು. ಅದು ಹೇಗೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಮರುದಿನವೇ ಹೋಗಿ, ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಂಡು, ಚೆನ್ನಾಗಿ ಬೈಸಿಕೊಂಡು ಬಂದೆ.

ಈಗಿನದು ಎರಡೇ ಕೋಣೆಯ ಮನೆ. ಪುಸ್ತಕಗಳು ಮಂಚದ ಕೆಳಗಿವೆ. ಅಡುಗೆಮನೆ ಕಿಟಕಿಯಿಂದ ಬೀದಿ ತಿರುವಿನವರೆಗೂ ಕಾಣುತ್ತದೆ. ತಿರುವಿನಲ್ಲಿ ಬೋಂಡದ ಅಂಗಡಿ ಇರುವುದನ್ನು ನಾನು ಮೊದಲ ದಿನವೇ ಗಮನಿಸಿದ್ದೆ. ಅದೂ ಕಿಟಕಿಗೆ ಕಾಣುತ್ತದೆ ಎಂಬುದನ್ನು ಗಮನಿಸಿರಲಿಲ್ಲ. ವಾರ ಕಳೆದ ಮೇಲೆ ಗಿರಿಜಾ ಕಾಫಿ ಕೊಡುತ್ತಾ, ‘ಬಸ್ ಇಳ್ದು ಬಂದೋರು ದಿನಾ ಬೋಂಡದಂಗ್ಡಿ ತಾವು ಕಾಲ್ ಗಂಟೆ ನಿಂತ್ಕತೀರಲ್ಲ, ಮನೆಗಿಂತ ಅದೇ ಮೊದ್ಲಾ?’ ಎಂದು ಕೇಳಿದಳು.

ಮನುಷ್ಯ ಬಾಯಲ್ಲಿ ಹೇಳುವುದನ್ನು ನಂಬಬೇಡಿ, ಅವನು ಮೊದಲು ಯಾವುದರ ಕಡೆ ನಡೆಯುತ್ತಾನೋ ಅದೇ ಅವನಿಗೆ ಹೆಚ್ಚು ಇಷ್ಟ ಎಂಬುದೂ ನಾನೇ ಮಾಡುವ ಪಾಠ. ಕಾಫಿ ಕುಡಿದು ಲೋಟವನ್ನು ನಾನೇ ತೊಳೆದಿಟ್ಟೆ. ಈಗ ತಿರುವಿನಲ್ಲಿ ನಿಲ್ಲುವುದಿಲ್ಲ. ಬೋಂಡವನ್ನು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲೇ ತಿಂದು ಹೊರಡುತ್ತೇನೆ. ಮನೆ ಕಡೆಯ ಬಸ್ಸು ಹೊರಟಿತು ಎಂದರೆ ಮಾತ್ರ ಅರ್ಧ ಬೋಂಡವನ್ನು ತಟ್ಟೆಯಲ್ಲೇ ಬಿಟ್ಟು ಓಡುತ್ತೇನೆ.